ಗತದಿಂದ ನಾಡಿಗೆ: ಆಲೂರು ವೆಂಕಟರಾಯರ ಬದುಕು ಮತ್ತು ಕರ್ನಾಟಕತ್ವದ ಚಾರಿತ್ರಿಕ ಬೇರುಗಳು

ರಾಜ್ಯವಿಲ್ಲದ ಜನಸಮುದಾಯವು ತನಗೊಂದು ರಾಜ್ಯ ಬೇಕೆಂದು ಕೇಳುವಾಗ ಚರಿತ್ರೆಯ ಮೊರೆಹೋಗುವುದು ಸಹಜ. ಯುಕ್ರೇನಿನ ನೆಲ ರಷ್ಯಾ ಮತ್ತು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಗಳ ನಡುವೆ ಹಂಚಿಹೋಗಿದ್ದ ಕಾಲದಲ್ಲಿ ಇತಿಹಾಸಕಾರ ಮಿಖಾಯ್ಲೋ ಹ್ರುಶೆವ್ಸ್ಕಿ 1898ರಿಂದ ತನ್ನ ಜನರ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಹೊರತಂದು, ಅದರ ಬೇರನ್ನು ಮಧ್ಯಯುಗದ ಕೀವ್ ರಾಜ್ಯದಲ್ಲಿ ಗುರುತಿಸಿದನು. 1917ರಲ್ಲಿ ಅವನೇ ಅಲ್ಲಿಯ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷನಾದನು. ಅದೇ 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಈ ಇಬ್ಬರೂ ಪರಸ್ಪರ ಅರಿತವರಲ್ಲ. ಆದರೂ ಹರಿದು ಹಂಚಿಹೋದ ನಾಡಿನ ಹಕ್ಕನ್ನು ಅದರ ಗತದಲ್ಲಿ ಹುಡುಕುವ ಕಾರ್ಯ ಇಬ್ಬರದೂ ಆಗಿತ್ತು.

ವೆಂಕಟರಾಯರು 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಕಾನೂನು ಓದಿ, ಧಾರವಾಡದಲ್ಲಿ ವಕೀಲಿ ವೃತ್ತಿಗಿಳಿದರು. ಪುಣೆಯ ವಾಸ ಅವರಿಗೆ ಎರಡು ಪಾಠಗಳನ್ನು ಕಲಿಸಿತು. ತಿಲಕರ ರಾಷ್ಟ್ರೀಯ ವಿಚಾರಗಳು ಒಂದು. ತಮ್ಮ ಇತಿಹಾಸವನ್ನು ಕುರಿತು ಮರಾಠಿ ವಿದ್ವಾಂಸರಿಗಿದ್ದ ಅಭಿಮಾನ ಮತ್ತೊಂದು. ಕನ್ನಡಿಗರಲ್ಲಿ ಅಂತಹ ಎಚ್ಚರ ಕಾಣದಿದ್ದುದು ಅವರನ್ನು ಕಾಡಿತು. ಕನ್ನಡ ಪ್ರದೇಶಗಳು ಆಗ ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳು, ಕೊಡಗು ಹಾಗೂ ಹಲವು ಸಣ್ಣ ಸಂಸ್ಥಾನಗಳಲ್ಲಿ ಚದುರಿಹೋಗಿದ್ದವು. 1905ರ ಬಂಗಾಳ ವಿಭಜನೆಯ ವಿರುದ್ಧ ಅಲ್ಲಿಯ ಜನ ಸಿಡಿದೆದ್ದಾಗ, ನೂರು ವರ್ಷಗಳಿಂದ ಒಡೆದುಹೋಗಿದ್ದ ಕರ್ನಾಟಕದ ಮೌನ ಅವರಿಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿರಬೇಕು.

ಹಂಪಿಯ ದರ್ಶನ ಅವರ ಬದುಕಿನ ತಿರುವು. ಹಾಳುಬಿದ್ದ ರಾಜಧಾನಿಯ ನಡುವೆ ಅವರಿಗೆ ಕರ್ನಾಟಕವು ಒಂದು ಮೂರ್ತ ಸತ್ಯವಾಗಿ ಗೋಚರಿಸಿತು. ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ದ ಸಂಪಾದಕತ್ವ, ವಿದ್ಯಾರಣ್ಯರ ಚರಿತ್ರೆಯ ರಚನೆ, 1914ರ ಇತಿಹಾಸ ಸಂಶೋಧನ ಮಂಡಲ, 1915ರ ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೆ ನೀಡಿದ ಬೆಂಬಲ, 1916ರ ಕರ್ನಾಟಕ ಸಭೆ, 1922ರ ‘ಜಯಕರ್ನಾಟಕ’ ಪತ್ರಿಕೆ ಇವೆಲ್ಲವೂ ಆ ದರ್ಶನದ ವಿಸ್ತರಣೆಗಳೇ. ವಕೀಲಿ ವೃತ್ತಿ ಕ್ರಮೇಣ ಹಿಂದೆ ಸರಿಯಿತು.

‘ಗತವೈಭವ’ದ ಸಾಮಗ್ರಿ ಹೊಸದಲ್ಲ. ಫ್ಲೀಟ್, ಭಂಡಾರ್ಕರ್ ಮೊದಲಾದವರ ಸಂಶೋಧನೆಗಳನ್ನೇ ಅವರು ಆಧರಿಸಿದರು. ಆದರೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳ ಬಿಡಿ ವೃತ್ತಾಂತಗಳನ್ನು ಒಂದೇ ಜನತೆಯ ಅಖಂಡ ಚರಿತ್ರೆಯಾಗಿ ಕಂಡದ್ದು ಅವರ ಸಾಧನೆ. ಪಂಡಿತರ ವಲಯದಲ್ಲಿದ್ದ ಜ್ಞಾನವು ಇದರಿಂದ ಸಾಮಾನ್ಯ ಓದುಗರ ಆತ್ಮವಿಶ್ವಾಸವಾಯಿತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿ ಕರ್ನಾಟಕಕ್ಕೂ ಪ್ರತ್ಯೇಕ ಸಮಿತಿ ದೊರೆತಾಗ, ಆ ಬೇಡಿಕೆಗೆ ಬೌದ್ಧಿಕ ನೆಲೆಗಟ್ಟು ಸಿದ್ಧವಾಗಿತ್ತು. ಏಕೀಕರಣದ ಬಗೆಗೆ ಹಿಂಜರಿಕೆಯಿದ್ದ ಹಳೆಯ ಮೈಸೂರಿನಲ್ಲಿಯೇ 1930ರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದುದು ಅವರ ಬದುಕಿನ ಮಹತ್ವದ ಘಟ್ಟ. ಕರ್ನಾಟಕತ್ವವನ್ನು ಅವರು ಭಾರತೀಯತೆಯ ಪ್ರತಿಸ್ಪರ್ಧಿಯೆಂದು ಭಾವಿಸಲಿಲ್ಲ, ಅದನ್ನು ತಲುಪುವ ದಾರಿಯೆಂದೇ ತಿಳಿದರು.

ಈ ಚಿಂತನೆಗೆ ಮಿತಿಯೂ ಇದೆ. ರಾಜವಂಶಗಳ ಪ್ರಾಬಲ್ಯಕ್ಕೆ ನೀಡಿದ ಒತ್ತಿನಲ್ಲಿ ಸಾಮಾನ್ಯರ ಚರಿತ್ರೆ ಮಸುಕಾಯಿತು. ಕನ್ನಡ ನಾಡು ಬಹುತೇಕ ಕಾಲ ಒಬ್ಬನೇ ಅರಸನ ಕೆಳಗೆ ಇರಲೂ ಇಲ್ಲ. ಇದಕ್ಕೆ ಬೆಂಗಳೂರಿನ ಹೊರವಲಯದಲ್ಲೇ ಸಾಕ್ಷ್ಯವಿದೆ. ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಕನ್ನಡದಲ್ಲಿ ಸ್ಮರಿಸುತ್ತದೆ. ಅದೇ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದ ‘ಕವಿರಾಜಮಾರ್ಗ’ವು ಕಾವೇರಿ-ಗೋದಾವರಿಗಳ ನಡುವೆ ಕನ್ನಡ ನಾಡನ್ನು ಗುರುತಿಸಿತ್ತು. ಅರಸುಮನೆತನಗಳು ಬೇರೆ, ನುಡಿ ಒಂದೇ. ಆಲೂರರು ಸಿಂಹಾಸನಗಳಲ್ಲಿ ಅರಸಿದ ಏಕತೆಯ ಬೇರು ನಿಜವಾಗಿ ಇಂತಹ ಕಲ್ಲುಗಳ ನುಡಿಯಲ್ಲಿದೆ ಎನ್ನಬಹುದು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ವೃದ್ಧ ವೆಂಕಟರಾಯರು ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಕಾಸರಗೋಡು ಆ ನಕ್ಷೆಯ ಹೊರಗುಳಿದಿತ್ತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಕನ್ನಡದ ಕುಲಪುರೋಹಿತರೆನಿಸಿದ ಅವರು 1964ರ ಫೆಬ್ರವರಿ 25ರಂದೇ ಕಣ್ಮುಚ್ಚಿದ್ದರು.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಇಂದು ಹಲವು ನುಡಿಗಳ ಜನ ದುಡಿದು ಬದುಕುತ್ತಿದ್ದಾರೆ. ಗತದ ವೈಭವವನ್ನು ಅವರಿಗೆ ಪಿತ್ರಾರ್ಜಿತವಾಗಿ ದಾಟಿಸಲಾಗದು. ನುಡಿಯನ್ನಾದರೋ ಯಾರೂ ಕಲಿಯಬಲ್ಲರು. ಕರ್ನಾಟಕತ್ವದ ಬೇರು ವಂಶಕ್ಕಿಂತ ಹೆಚ್ಚಾಗಿ ನುಡಿಯಲ್ಲಿದೆ ಎಂದು ಒಪ್ಪಿದರೆ, ಅದರೊಳಗೆ ಹೊಸಬರಿಗೂ ಎಡೆಯುಂಟು. ಆಲೂರರನ್ನು ಮರುಓದುವ ಅಧ್ಯಯನಗಳು ಈ ನೆಲೆಯಿಂದ ಮುಂದುವರಿಯಬೇಕಾಗಿದೆ.