ಬಾಂಬೆ ಸರ್ಕಾರ ಕಳ್ಕೊಂಡ ಇಂಜಿನಿಯರ್ ನಮ್ಮ ಕನ್ನಂಬಾಡಿಗೆ ಸಿಕ್ಕಿದ್ದು ಹೇಗೆ?

ಶ್ರೀರಂಗಪಟ್ಟಣ: ಆಳು ಸಿಗಲ್ಲ, ಸಿಕ್ಕಿದ್ರೂ ನಿಲ್ಲಲ್ಲ. ಪಾಂಡವಪುರದ ಆಲೆಮನೆಗೆ ಹೋಗಿ, ಕೆ.ಆರ್.ಪೇಟೆಯ ಹೋಟೆಲಿಗೆ ಹೋಗಿ, ಶ್ರೀರಂಗಪಟ್ಟಣದ ಗ್ಯಾರೇಜಿಗೆ ಹೋಗಿ, ಮಾಲೀಕರ ಬಾಯಲ್ಲಿ ಇದೇ ಮಾತು. ಅತ್ತ ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಹುಡುಗರು ಬೆಂಗಳೂರು, ಮುಂಬೈ ಬಸ್ಸು ಹತ್ತೋದು ನಿಂತಿಲ್ಲ. ಒಳ್ಳೆ ಕೆಲಸಗಾರ ಯಾಕೆ ಬಿಟ್ಟು ಹೋಗ್ತಾನೆ, ಯಾತಕ್ಕೆ ನಿಲ್ತಾನೆ? ಇದಕ್ಕೆ ಉತ್ತರ ಹುಡುಕ್ತಾ ಹೋದರೆ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಫೋಟೋ ಇರೋ ಒಬ್ಬರ ಜೀವನ ನೆನಪಾಗುತ್ತೆ. ಅವರೇ ಸರ್ ಎಂ. ವಿಶ್ವೇಶ್ವರಯ್ಯ.

ಪ್ರತಿ ಸೆಪ್ಟೆಂಬರ್ 15ರಂದು ಅವರ ಪ್ರತಿಮೆಗೆ ಹಾರ ಹಾಕ್ತೀವಿ, ಇಂಜಿನಿಯರ್‌ಗಳ ದಿನ ಅಂತ ಭಾಷಣ ಮಾಡ್ತೀವಿ. ಆದರೆ ಅವರೂ ಒಬ್ಬ ಸಂಬಳದ ನೌಕರರಾಗಿದ್ದರು, ಎರಡು ಸಲ ಬೇಸರದಿಂದ ಕೆಲಸ ಬಿಟ್ಟವರು, ಇನ್ನೊಂದು ಸಲ ಬಿಡೋ ಹಂತಕ್ಕೆ ಬಂದು ನಿಂತವರು ಅನ್ನೋದನ್ನ ಆ ಭಾಷಣಗಳಲ್ಲಿ ಯಾರೂ ಹೇಳಲ್ಲ.

ಸ್ಕಾಲರ್‌ಶಿಪ್ ಹುಡುಗ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. ಅಪ್ಪ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಹುಡುಗನಿಗೆ ಮೀಸೆ ಚಿಗುರೋ ಮೊದಲೇ ಅಪ್ಪ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಬೇರೆಯವರ ಮನೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನೋಡಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಪುಣೆಯ ಇಂಜಿನಿಯರಿಂಗ್ ಕಾಲೇಜಿಗೆ ಕಳಿಸಿತು. 1883ರಲ್ಲಿ ಇಡೀ ಬಾಂಬೆ ಪ್ರಾಂತ್ಯಕ್ಕೇ ಮೊದಲನೇ ಸ್ಥಾನದಲ್ಲಿ ಪಾಸಾದರು. ಮುಂದಿನ ವರ್ಷವೇ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ ಸಿಕ್ತು.

ಓದಿಸಿದ್ದು ಮೈಸೂರು, ದುಡಿಸಿಕೊಂಡಿದ್ದು ಬಾಂಬೆ. ನಮ್ಮ ತಾಲ್ಲೂಕುಗಳ ಹುಡುಗರ ಕಥೆಯೂ ಇವತ್ತು ಹಿಂಗೇ ಅಲ್ವಾ?

ಹೊಗಳಿಕೆ ಸಿಕ್ತು, ಪ್ರಮೋಷನ್ನೂ ಸಿಕ್ತು

ಬಾಂಬೆ ಸರ್ಕಾರ ಅವರನ್ನ ಕಡೆಗಣಿಸಿತು ಅಂದ್ಕೊಂಡರೆ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಖಾನ್‌ದೇಶದ ಧುಳೆ ಕಡೆ ಹೊಳೆಗೆ ಅಡ್ಡಲಾಗಿ ನೀರಿನ ಪೈಪು ಹಾಯಿಸೋ ಕೆಲಸ ಕೊಟ್ಟರು. ಮಳೆಗಾಲ, ಹೊಳೆ ತುಂಬಿ ಹರೀತಿತ್ತು. ಮಳೆ ಮುಗಿದ ಮೇಲೆ ಮಾಡ್ತೀನಿ ಅಂತ ಕೇಳಿಕೊಂಡ್ರೂ ಮೇಲಧಿಕಾರಿ ಒಪ್ಪಲಿಲ್ಲ. ಕಷ್ಟಪಟ್ಟು ಮುಗಿಸಿದರು, ಮುಗಿಸಿದ ಮೇಲೆ ಅದೇ ಮೇಲಧಿಕಾರಿ ಮೆಚ್ಚಿಕೊಂಡರು. ಕೆಲಸ ಹೇಳುವಾಗ ಬಿಗಿಯಾಗಿದ್ದವರು ಕೆಲಸ ಆದ ಮೇಲೆ ಬಾಯಿ ಬಿಟ್ಟು ಮೆಚ್ಚೋದು ದೊಡ್ಡ ಗುಣ. ಎಷ್ಟೋ ಕಡೆ ಇದೇ ಇರಲ್ಲ.

ಆಮೇಲೆ ಒಂದರ ಹಿಂದೆ ಒಂದು ದೊಡ್ಡ ಕೆಲಸ. ಸಿಂಧ್‌ನ ಸಕ್ಕರ್ ಊರಿಗೆ ಕುಡಿಯೋ ನೀರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ತಾನಾಗೇ ತೆಗೆದು ಮುಚ್ಚೋ ಗೇಟು. ಆ ಗೇಟಿಗೆ ಪೇಟೆಂಟ್ ಸಿಕ್ತು. ಸರ್ಕಾರ ರಾಯಲ್ಟಿ ಕೊಡೋಕೆ ಮುಂದೆ ಬಂದ್ರೂ, ಸಂಬಳ ತಗೊಂಡು ಮಾಡಿದ ಕೆಲಸಕ್ಕೆ ಬೇರೆ ದುಡ್ಡು ಬೇಡ ಅಂತ ಬಿಟ್ಟರು. ಏಡನ್ ಊರಿನ ನೀರು, ಒಳಚರಂಡಿ ಯೋಜನೆಗೂ ಇವರನ್ನೇ ಕಳಿಸಿದರು. 1906ರಲ್ಲಿ ಕೈಸರ್-ಇ-ಹಿಂದ್ ಪದಕ ಬಂತು. ಸೀನಿಯಾರಿಟಿಯಲ್ಲಿ ತಮಗಿಂತ ಮುಂದಿದ್ದ 18 ಮಂದಿಯನ್ನು ದಾಟಿ ಸೂಪರಿಂಟೆಂಡಿಂಗ್ ಇಂಜಿನಿಯರ್ ಆದರು.

ಮೆಚ್ಚುಗೆ, ಪದಕ, ಪ್ರಮೋಷನ್ ಎಲ್ಲಾ ಇತ್ತು. ಹಾಗಿದ್ರೂ 1908ರಲ್ಲಿ ಕೆಲಸ ಬಿಟ್ಟರು.

ಬಾಗಿಲು ಮುಚ್ಚಿತ್ತು

ಕಾರಣ ಸರಳ. ಅವರ ಮುಂದೆ ಉಳಿದಿದ್ದು ಚೀಫ್ ಇಂಜಿನಿಯರ್ ಹುದ್ದೆ. ಆ ಕುರ್ಚಿ ಬ್ರಿಟಿಷರಿಗೆ ಮಾತ್ರ, ಭಾರತೀಯರಿಗೆ ಕೊಡ್ತಿರಲಿಲ್ಲ. ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಅಲ್ಲಿಗೇ ನಿಲ್ಲಬೇಕು. ಜೊತೆಗೆ ದಾಟಿ ಬಂದ 18 ಮಂದಿಯ ಅಸಮಾಧಾನ ಬೇರೆ. ಪೂರ್ತಿ ಪೆನ್ಷನ್‌ಗೆ 25 ವರ್ಷ ಸೇವೆ ಆಗಬೇಕಿತ್ತು, ಆಗಿರಲಿಲ್ಲ. ಆದರೂ ಸರ್ಕಾರ ಅವರ ಕೆಲಸ ನೋಡಿ ಪೆನ್ಷನ್ ಕೊಟ್ಟಿತು. ಅಂದ್ರೆ ಇವರ ಬೆಲೆ ಬಾಂಬೆ ಸರ್ಕಾರಕ್ಕೆ ಗೊತ್ತಿತ್ತು. ಗೊತ್ತಿದ್ದೂ ಆ ಒಂದು ಬಾಗಿಲು ತೆಗೀಲಿಲ್ಲ.

ಇಲ್ಲಿ ನನ್ನದೂ ಒಂದು ಮಾತು. ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಪ್ಯಾಕಿಂಗ್ ಕೆಲಸಕ್ಕಿದ್ದೆ. ತಿಂಗಳ ಉತ್ತಮ ನೌಕರ ಅಂತ ನನ್ನ ಫೋಟೋ ಗೋಡೆಗೆ ಹಾಕಿದ್ರು, ಚಪ್ಪಾಳೆ ತಟ್ಟಿದ್ರು, ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಅಮ್ಮ ಆ ಡಬ್ಬೀಲಿ ಈಗಲೂ ಸಕ್ಕರೆ ಹಾಕಿಡ್ತಾರೆ. ಖುಷಿ ಆಗಿತ್ತು, ಸುಳ್ಳು ಹೇಳಲ್ಲ. ಆದರೆ ಕಾಯಂ ಯಾವಾಗ ಅಂತ ಕೇಳಿದಾಗ ನಿಮ್ಮಂಥವರಿಗೆ ಆ ಪದ್ಧತಿ ಇಲ್ಲ ಅಂದರು. ಮುಂದಿನ ತಿಂಗಳು ನಾನು ಬಿಟ್ಟೆ. ಫೋಟೋ ಇನ್ನೂ ಗೋಡೆ ಮೇಲಿತ್ತೋ ಏನೋ. ಎಲ್ಲಿಯ ವಿಶ್ವೇಶ್ವರಯ್ಯ, ಎಲ್ಲಿಯ ನಾನು. ಆದರೆ ಬಾಗಿಲು ಮುಚ್ಚಿರೋದು ಕಂಡ ಮೇಲೆ ಡಬ್ಬಿ ಆಗಲಿ ಪದಕ ಆಗಲಿ ಹಿಡಿದು ನಿಲ್ಲಿಸಲ್ಲ ಅನ್ನೋದು ಇಬ್ಬರಿಗೂ ಒಂದೇ.

ಮೈಸೂರು ಏನು ಕೊಟ್ಟಿತು

ಕೆಲಸ ಬಿಟ್ಟು ವಿದೇಶ ಸುತ್ತುತ್ತಿದ್ದಾಗ ಹೈದರಾಬಾದಿನಲ್ಲಿ ಮೂಸಿ ನದಿ ಪ್ರವಾಹ ಬಂತು. 1908ರ ಸೆಪ್ಟೆಂಬರ್ ಕೊನೆಯಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿಕೊಂಡಿತು. ಆ ಕೆಲಸ ನಡೀತಿದ್ದಾಗಲೇ ಮೈಸೂರಿನಿಂದ ಚೀಫ್ ಇಂಜಿನಿಯರ್ ಆಗಿ ಬನ್ನಿ ಅಂತ ಕರೆ ಬಂತು.

ಬಾಂಬೆಯಲ್ಲಿ ಸಿಗದ ಹುದ್ದೆ ಇಲ್ಲಿ ಕಾಲಿಗೇ ಬಂದಿತ್ತು. ತಕ್ಷಣ ಹೂಂ ಅನ್ನಲಿಲ್ಲ. ಬರೀ ಹುದ್ದೆ ಸಾಲದು, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಕ್ಕೂ ಕೆಲಸ ಮಾಡೋಕೆ ಅವಕಾಶ ಇರುತ್ತಾ ಅಂತ ವಿಚಾರಿಸಿದರು. ಭರವಸೆ ಸಿಕ್ಕ ಮೇಲೆ 1909ರ ನವೆಂಬರ್‌ನಲ್ಲಿ ಬಂದು ಸೇರಿಕೊಂಡರು. ಒಳ್ಳೆ ಕೆಲಸಗಾರ ಕೇಳೋದು ಹಿಂಗೇ. ಎಷ್ಟು ಕೊಡ್ತೀರಿ ಅನ್ನೋದರ ಜೊತೆಗೆ ಏನು ಮಾಡೋಕೆ ಬಿಡ್ತೀರಿ ಅಂತಲೂ ಕೇಳ್ತಾನೆ.

ಬಿಟ್ಟು ಹೋಗೋ ಹಂತಕ್ಕೆ ಬಂದಾಗ

ಈಗ ನಮ್ಮ ಊರಿನ ಮುಖ್ಯ ಘಟನೆಗೆ ಬರೋಣ. ಕಾವೇರಿಗೆ ಕನ್ನಂಬಾಡಿ ಹತ್ತಿರ ಕಟ್ಟೆ ಕಟ್ಟಬೇಕು ಅಂತ ಚೀಫ್ ಇಂಜಿನಿಯರ್ ಯೋಜನೆ ಕೊಟ್ಟರು. ಶಿವನಸಮುದ್ರದ ಕರೆಂಟು ಬೇಸಿಗೆಯಲ್ಲಿ ನೀರಿಲ್ಲದೆ ಕೈ ಕೊಡ್ತಿತ್ತು, ಕೋಲಾರದ ಚಿನ್ನದ ಗಣಿಗೆ ಕರೆಂಟು ಬೇಕಿತ್ತು. ಮಂಡ್ಯ ಸೀಮೆ ಆಗ ಮಳೆ ನಂಬಿದ ಬೆದ್ದಲು. ಆದರೆ ಖರ್ಚು ನೋಡಿ ಹಣಕಾಸಿನವರು ಹೌಹಾರಿದರು. ಇಷ್ಟು ಕರೆಂಟು ಯಾರಿಗೆ ಬೇಕು, ಅಷ್ಟು ದುಡ್ಡು ಎಲ್ಲಿಂದ ತರೋದು ಅಂತ ಫೈಲು ನಿಂತೇಹೋಯ್ತು.

ವಿಶ್ವೇಶ್ವರಯ್ಯನವರಿಗೆ ಬೇಸರ ಆಯ್ತು. ಕೆಲಸ ಮಾಡೋಕೆ ಬಿಡದ ಮೇಲೆ ಇಲ್ಲಿದ್ದು ಏನು ಮಾಡಲಿ ಅಂತ ಹೊರಡೋ ಯೋಚನೆಗೆ ಬಂದರು. ವಿಷಯ ನಾಲ್ವಡಿ ಕೃಷ್ಣರಾಜ ಒಡೆಯರ್ ಕಿವಿಗೆ ಬಿತ್ತು. ಮಹಾರಾಜರಿಗೆ ಆಗಿನ್ನೂ 27ರ ಆಸುಪಾಸು. ಅವರು ಏನು ಮಾಡಿದರು ಅನ್ನೋದನ್ನ ಪ್ರತಿ ಮಾಲೀಕರೂ ನೋಡಬೇಕು. ಸಂಬಳ ಜಾಸ್ತಿ ಮಾಡ್ತೀನಿ ಅನ್ನಲಿಲ್ಲ, ಬಿರುದು ಕೊಡ್ತೀನಿ ಅಂತಲೂ ಅನ್ನಲಿಲ್ಲ. ಕರೆಸಿಕೊಂಡು ಕೂತು ಮಾತಾಡಿದರು, ದುಡುಕಬೇಡಿ ಅಂದರು, ನಾಡಿಗೆ ಒಳ್ಳೇದಾಗೋ ಕೆಲಸಕ್ಕೆ ಬೆಂಬಲ ಇದೆ ಅಂದರು. ಮಾತಿಗೆ ತಪ್ಪಲಿಲ್ಲ. 1911ರ ಅಕ್ಟೋಬರ್‌ನಲ್ಲಿ ಯೋಜನೆಗೆ ಮಂಜೂರಾತಿ ಸಿಕ್ತು, ಮುಂದಿನ ತಿಂಗಳೇ ಕೆಲಸ ಶುರು ಆಯ್ತು.

ಕೆಲಸ ಮಾಡುವವನಿಗೆ ಕೆಲಸವನ್ನೇ ಕೊಟ್ಟು ಉಳಿಸಿಕೊಂಡರು. ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ?

1912ರಲ್ಲಿ ಅದೇ ಇಂಜಿನಿಯರ್ ದಿವಾನರಾದರು. ನೆಂಟರಿಷ್ಟರು ಯಾರೂ ಶಿಫಾರಸಿಗೆ ಬರಬಾರದು ಅಂತ ಮೊದಲೇ ಹೇಳಿ ಆಮೇಲೆ ಅಧಿಕಾರ ತಗೊಂಡಿದ್ದು ಎಲ್ಲರಿಗೂ ಗೊತ್ತಿರೋ ಕಥೆ. ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916. ಎಲ್ಲಾ ಅವರು ದಿವಾನರಾಗಿದ್ದ ಆರು ವರ್ಷದಲ್ಲೇ ಆಗಿದ್ದು.

ಹೆಸರಿಲ್ಲದವರು

ಕಟ್ಟೆ ಕಟ್ಟಿದ್ದು ವಿಶ್ವೇಶ್ವರಯ್ಯನೋ ನಾಲ್ವಡಿಯೋ ಅಂತ ನಮ್ಮ ಜಿಲ್ಲೆಯ ಟೀ ಅಂಗಡಿಗಳಲ್ಲಿ ಇವತ್ತಿಗೂ ಜಗಳ ನಡೆಯುತ್ತೆ. ಕಲ್ಲು ಹೊತ್ತವರ ಮಾತು ಆ ಜಗಳದಲ್ಲಿ ಬರೋದೇ ಇಲ್ಲ. ಸುಮಾರು 10,000 ಜನ ದುಡಿದರು. ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆ. ಗಣಿಗೆ ಕೊಟ್ಟ ಮಾತಿನಂತೆ 1915ರ ಜುಲೈ ಹೊತ್ತಿಗೆ ನೀರು ನಿಲ್ಲಿಸಲೇಬೇಕಿತ್ತು. ಪ್ರವಾಹ ಬಂತು, ಮಲೇರಿಯಾ ಬಂತು, ಆಳುಗಳು ಜ್ವರದಲ್ಲಿ ಮಲಗಿದರು. ಆದರೂ ಮಾತು ಉಳೀತು. ಪೂರ್ತಿ ಕಟ್ಟೆ ಮುಗಿಯೋ ಹೊತ್ತಿಗೆ 1930ರ ದಶಕ ಬಂದಿತ್ತು.

ಕಟ್ಟೆಗೆ ಮಹಾರಾಜರ ಹೆಸರು. ನಾಲೆಗೆ ಮೊದಲು ವೈಸ್‌ರಾಯ್ ಇರ್ವಿನ್ ಹೆಸರಿಟ್ಟಿದ್ದರು, ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆ ಆಯ್ತು. ನಮಗೆಲ್ಲ ವಿ.ಸಿ. ನಾಲೆ. ಗಾರೆ ಕಲಸಿದವರ, ಜ್ವರದಲ್ಲಿ ಸತ್ತವರ, ಮನೆ ಮಠ ಬಿಟ್ಟು ಎದ್ದು ಹೋದ ಹಳೇ ಕನ್ನಂಬಾಡಿಯವರ ಹೆಸರು ಯಾವ ನಾಲೆಗೂ ಇಲ್ಲ. ನೀರಿನ ಮಟ್ಟ 124.80 ಅಡಿ ಮುಟ್ಟಿದಾಗೆಲ್ಲ ಬಾಗಿನ ಬಿಡ್ತೀವಿ. ಒಂದು ಹೂವು ಇವರ ಹೆಸರಲ್ಲೂ ಬಿಡಬಹುದಿತ್ತು.

ಎರಡನೇ ಸಲ ಬಿಟ್ಟಿದ್ದು

1918ರ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಆಗ ಸರ್ಕಾರಿ ಕೆಲಸಗಳಲ್ಲಿ ಹೆಚ್ಚಿನವರು ಒಂದೇ ಸಮುದಾಯದವರು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮತ್ತಿತರರು ನಮಗೂ ಪಾಲು ಬೇಕು ಅಂತ ಕೇಳೋಕೆ ಶುರು ಮಾಡಿದ್ದರು, ಪ್ರಜಾಮಿತ್ರ ಮಂಡಳಿ ಕಟ್ಟಿದ್ದರು. ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆ ಆಗಲಿಲ್ಲ. ಅರ್ಹತೆ ಒಂದೇ ಅಳತೆ ಆಗಿರಬೇಕು, ಎಲ್ಲರನ್ನೂ ಓದಿಸೋಣ, ಕೆಲಸ ಮಾತ್ರ ಯೋಗ್ಯತೆ ಮೇಲೆ ಕೊಡೋಣ ಅನ್ನೋದು ಅವರ ನಿಲುವು.

ಗೌರವ ಇಟ್ಟುಕೊಂಡೇ ಹೇಳ್ತೀನಿ, ಇಲ್ಲಿ ಅವರ ಲೆಕ್ಕ ತಪ್ಪಿತು ಅನ್ಸುತ್ತೆ. ಹುಟ್ಟಿನ ಕಾರಣಕ್ಕೆ ಬಾಂಬೆಯಲ್ಲಿ ಚೀಫ್ ಇಂಜಿನಿಯರ್ ಕುರ್ಚಿ ತಪ್ಪಿದವರು ಅವರೇ. ಕೆಲಸ ಬಲ್ಲವನಿಗೂ ಬಾಗಿಲು ಮುಚ್ಚಿರಬಹುದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಮ್ಮ ತಾತಂದಿರ ಪಾಲಿಗೆ ಆ ಬಾಗಿಲು ಮೈಸೂರಿನ ಕಚೇರಿಯದ್ದಾಗಿತ್ತು. ನಾಲ್ವಡಿಯವರು ಅತ್ಯುತ್ತಮ ದಿವಾನರನ್ನು ಕಳ್ಕೊಂಡರೂ ಆ ಬಾಗಿಲು ತೆಗೆದರು. ಸಮಿತಿ ವರದಿ 1919ರಲ್ಲಿ ಬಂತು. ಇವತ್ತು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ರೈತರ ಮಕ್ಕಳು ಕೂತಿದ್ದಾರೆ ಅಂದ್ರೆ ಅದರ ಬೇರು ಅಲ್ಲಿದೆ.

ಕೊನೇವರೆಗೂ ಕೆಲಸ

ಬೇಸರ ಇದ್ರೂ ಮೈಸೂರಿನ ಮೇಲೆ ಹಗೆ ಸಾಧಿಸಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಕರೆದರು, 1923ರಲ್ಲಿ ಬಂದು ಅದರ ಹೊಣೆ ಹೊತ್ತರು. ಅಲ್ಲಿ ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನೇ ತರಬೇತಿ ಕೊಟ್ಟು ತಂದರು. ಅಂದ್ರೆ ತಮಗೆ ಮುಚ್ಚಿದ್ದ ಬಾಗಿಲನ್ನು ಕಿರಿಯರಿಗೆ ತೆಗೆದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸೋ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರಿಡೋದೂ ಬೇಡ ಅಂದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಅಂದ್ರೆ ಅದೇ, ಜಯಚಾಮರಾಜೇಂದ್ರರ ಹೆಸರಲ್ಲಿದೆ. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ನೂರು ದಾಟಿದ ವಯಸ್ಸಲ್ಲಿ ತೀರಿಕೊಂಡರು.

ನಮ್ಮ ಮಾಲೀಕರಿಗೆ ಒಂದು ಮಾತು

ಈ ಜೀವನದಿಂದ ನಮ್ಮ ನಾಲ್ಕು ತಾಲ್ಲೂಕಿನವರು ಕಲಿಯೋದು ಜಾಸ್ತಿ ಏನಿಲ್ಲ. ಶಾಲು, ಹಾರ, ಫೋಟೋ ಬೇಡ ಅಂತಲ್ಲ, ಅದೂ ಬೇಕು. ಚೆನ್ನಾಗಿ ಮಾಡಿದೆ ಕಣಪ್ಪ ಅನ್ನೋಕೆ ದುಡ್ಡು ಖರ್ಚಾಗಲ್ಲ. ಆದರೆ ಅದು ಶುರು ಅಷ್ಟೇ. ಮೇಲಕ್ಕೆ ಹೋಗೋ ದಾರಿ ಇರಬೇಕು, ಮಾತು ಕೇಳೋ ಕಿವಿ ಇರಬೇಕು, ಕೊಟ್ಟ ಮಾತು ನಡೀಬೇಕು. ಅದೂ ಇಂಜಿನಿಯರಿಗೆ ಮಾತ್ರ ಅಲ್ಲ, ಗಾರೆ ಕಲಸುವವನಿಗೂ.

ವಿ.ಸಿ. ನಾಲೆ ಏರಿ ಮೇಲೆ ರಾತ್ರಿ ಹೊತ್ತು ಟಾರ್ಚ್ ಹಿಡಿದು ತೂಬು ನೋಡೋ ನೀರುಗಂಟಿಯನ್ನು ನೀವೂ ನೋಡಿರ್ತೀರಿ. ಅವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಸಲ ಸೆಪ್ಟೆಂಬರ್ 15ಕ್ಕೆ ಪ್ರತಿಮೆಗೆ ಹಾರ ಹಾಕೋಕೆ ಹೋಗುವವರು, ದಾರೀಲಿ ಅವನ ಹತ್ರ ಎರಡು ನಿಮಿಷ ನಿಂತು ಹೆಸರು ಕೇಳಿ. ಸಂಬಳ ತಿಂಗಳಿಗೆ ಸರಿಯಾಗಿ ಬರ್ತಿದೆಯಾ ಅಂತಲೂ ಕೇಳಿ. ಬರ್ತಿಲ್ಲ ಅಂದ್ರೆ ನಮಗೆ ತಿಳಿಸಿ, ಬರೀತೀವಿ.