ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಊರಿನಿಂದ ನೆಂಟರು ಬಂದರೆ ರಾಮಕೃಷ್ಣಪುರದ ನಮ್ಮ ಕನ್ನಡ ಮನೆಗಳಲ್ಲಿ ನಡೆಯುವ ಕ್ರಮ ಎಲ್ಲರಿಗೂ ತಿಳಿದದ್ದೇ. ಒಂದು ದಿನ ಕುತುಬ್ ಮಿನಾರು, ಒಂದು ದಿನ ಕೆಂಪುಕೋಟೆ, ಮೂರನೆಯ ದಿನ ಜನಪಥದ ಕಾಟೇಜ್ ಎಂಪೋರಿಯಂ. ಬೆಂಗಳೂರಿನಿಂದ 60 ಕಿಲೋಮೀಟರು ದೂರದಲ್ಲಿ ತಯಾರಾಗುವ ಚನ್ನಪಟ್ಟಣದ ಬೊಂಬೆಯನ್ನು ದಿಲ್ಲಿಯಲ್ಲಿ ಕೊಂಡು, ರೈಲಿನಲ್ಲಿ ಮತ್ತೆ ಬೆಂಗಳೂರಿಗೆ ಒಯ್ಯುವ ಅತ್ತೆ ಚಿಕ್ಕಮ್ಮಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಅವರನ್ನು ಕಂಡು ನಗಬೇಕಾಗಿಲ್ಲ. ಹಳ್ಳಿಯ ಕುಶಲಕರ್ಮಿಯ ಕೈಕೆಲಸಕ್ಕೆ ರಾಜಧಾನಿಯಲ್ಲಿ ಗಿರಾಕಿಯನ್ನು ಒದಗಿಸಬೇಕೆಂದು ಹಟ ತೊಟ್ಟು ದುಡಿದವರು ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳೇ ಎಂಬುದನ್ನು ಮಾತ್ರ ಆ ನೆಂಟರಿಗೆ ಹೇಳಲು ನಾವು ಮರೆಯುತ್ತೇವೆ.

ಕಮಲಾದೇವಿಯವರು ಜನಿಸಿದುದು 1903ನೆಯ ಇಸವಿ ಏಪ್ರಿಲ್ 3ರಂದು, ಸಾರಸ್ವತ ಮನೆತನದಲ್ಲಿ. ಮನೆಮಾತು ಕೊಂಕಣಿ. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆಯೇ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೂ ಮಗಳಿಗೂ ಉಳಿದುದು ತಿಂಗಳಿಗಿಷ್ಟೆಂಬ ಜೀವನಾಂಶ. ಗಿರಿಜಾಬಾಯಿಯವರು ಅದನ್ನು ಬೇಡವೆಂದರು. ತವರಿನಿಂದ ತಂದ ತಮ್ಮ ಸ್ವಂತ ಧನದ ಮೇಲೆಯೇ ಮಗಳನ್ನು ಸಾಕಿದರು. ಹಂಗಿನ ಅನ್ನವನ್ನು ಉಣ್ಣಲಾಗದೆಂಬ ಈ ಪಾಠ ಏಳು ವರ್ಷದ ಹುಡುಗಿಯ ಮನಸ್ಸಿನಲ್ಲಿ ಎಷ್ಟು ಆಳವಾಗಿ ನಾಟಿತೆಂಬುದನ್ನು ಮುಂದಿನ ಕಥೆಯೇ ಹೇಳುತ್ತದೆ.

14ನೆಯ ವಯಸ್ಸಿಗೆ ಮದುವೆ, ಎರಡು ವರ್ಷ ಕಳೆಯುವಷ್ಟರಲ್ಲಿ ವೈಧವ್ಯ. ಅಂದಿನ ಪದ್ಧತಿಯಂತಾದರೆ ಅಲ್ಲಿಗೆ ಬಾಳು ಮುಗಿಯಬೇಕಾಗಿತ್ತು. ಆದರೆ ತಾಯಿ ಮಗಳನ್ನು ಮೂಲೆಗೆ ಕೂರಿಸದೆ ಮದರಾಸಿನ ಕ್ವೀನ್ ಮೇರಿ ಕಾಲೇಜಿಗೆ ಕಳುಹಿದರು. ಅಲ್ಲಿ ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿಯ ಸ್ನೇಹವಾಯಿತು. ಆ ಸ್ನೇಹದಿಂದ ಅವರ ಅಣ್ಣ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ವಿವಾಹವೂ ನಡೆಯಿತು. ವಿಧವೆ ಮರುಮದುವೆಯಾದುದೂ, ಬಂಗಾಳಿಯನ್ನು ವರಿಸಿದುದೂ ಸಂಪ್ರದಾಯಸ್ಥರಿಗೆ ಸಹಿಸಲಾಗಲಿಲ್ಲ. ಮುಂದೆ ಪತಿಪತ್ನಿಯರು ಕಾನೂನಿನ ರೀತ್ಯಾ ಬೇರೆಯಾದರು. ಅಷ್ಟು ಹೇಳಿದರೆ ಸಾಕು.

ದಂಪತಿಗಳು ಲಂಡನ್ನಿನಲ್ಲಿದ್ದಾಗ ಕಮಲಾದೇವಿಯವರು ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಓದಿದರು. ಅಸಹಕಾರದ ಕರೆ ಕಿವಿಗೆ ಬಿದ್ದ ಮೇಲೆ ಸ್ವದೇಶಕ್ಕೆ ಮರಳಿ ಸೇವಾದಳದ ಕೆಲಸಕ್ಕೆ ನಿಂತರು. 1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದಿಂದ ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತರು. ಭರತಖಂಡದಲ್ಲಿ ಹೆಂಗಸೊಬ್ಬಳು ಮತ ಕೇಳಲು ಹೊರಟುದು ಆಗಿನ್ನೂ ಹೊಸತು. ಪ್ರಚಾರಕ್ಕೆ ಸಿಕ್ಕಿದುದು ಕೆಲವೇ ದಿನಗಳು. ಸೋತದ್ದು ಬರೀ 55 ಮತಗಳಿಂದ. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನೆಯ ಭಾರ ಇವರ ಹೆಗಲಿಗೇ ಬಂತು.

1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನು ಸೇರಿಸಲು ಗಾಂಧೀಜಿ ಮೊದಲು ಮನಸ್ಸು ಮಾಡಿರಲಿಲ್ಲ. ಕಮಲಾದೇವಿಯವರು ಅವರಲ್ಲಿಗೇ ಹೋಗಿ ವಾದಿಸಿ ಒಪ್ಪಿಸಿದರು. ಮುಂಬಯಿಯ ಕಡಲ ತಡಿಯಲ್ಲಿ ಉಪ್ಪು ಕಾಯಿಸಿ ಪೊಟ್ಟಣ ಕಟ್ಟಿದರು. ಆ ಪೊಟ್ಟಣಗಳನ್ನು ಕೊಂಡೊಯ್ದುದು ಎಲ್ಲಿಗೆ? ಲಕ್ಷಾಂತರ ರೂಪಾಯಿಗಳ ಷೇರು ವ್ಯವಹಾರ ನಡೆಯುವ ಸ್ಟಾಕ್ ಎಕ್ಸ್‌ಚೇಂಜಿಗೆ! ದಲ್ಲಾಳಿಗಳ ಮಧ್ಯೆ ನಿಂತು ಅಲ್ಲಿ ಉಪ್ಪು ಮಾರಿದರು. ಹೈಕೋರ್ಟಿಗೂ ಹೋಗಿ, ನ್ಯಾಯಪೀಠದಲ್ಲಿದ್ದವರನ್ನೇ ಈ ಸ್ವಾತಂತ್ರ್ಯದ ಉಪ್ಪನ್ನು ಕೊಳ್ಳುವಿರಾ ಎಂದು ಕೇಳಿದರು. ಸೆರೆಮನೆ ತಪ್ಪಲಿಲ್ಲ. ಇವರ ವ್ಯಾಪಾರದ ಮೊದಲ ಬೋಣಿ ಇದೇ ಎಂದು ನನಗೆ ತೋರುತ್ತದೆ. ಉಪ್ಪನ್ನು ದಾನವಾಗಿ ಹಂಚಿ ಬರಬಹುದಾಗಿತ್ತು. ಹಾಗೆ ಮಾಡದೆ ಬೆಲೆ ಕಟ್ಟಿ ಮಾರಿದರು.

1936ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷರಾದರು. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕ, ಚೀನಾ, ಜಪಾನುಗಳನ್ನು ಸುತ್ತಿ ಬಂದು, ಚೀನಾ ಜಪಾನುಗಳ ಮೇಲೆ ಪುಸ್ತಕಗಳನ್ನೂ ಬರೆದರು. 1947ರಲ್ಲಿ ಸ್ವರಾಜ್ಯ ಬಂದಾಗ ಜೊತೆಯವರಲ್ಲಿ ಹಲವರು ಮಂತ್ರಿಗಳಾದರು, ರಾಯಭಾರಿಗಳಾದರು. ಕಮಲಾದೇವಿಯವರಿಗೂ ಅಂಥ ಪದವಿಗಳ ಕರೆ ಬಾರದೆ ಇರಲಿಲ್ಲ. ಅವರು ಒಲ್ಲೆನೆಂದು ದಿಲ್ಲಿಯ ನಿರಾಶ್ರಿತರ ಶಿಬಿರಗಳತ್ತ ನಡೆದರು.

ಮನೆ ಮಠ ಬಿಟ್ಟು ಪಂಜಾಬಿನಿಂದಲೂ ವಾಯವ್ಯ ಗಡಿನಾಡಿನಿಂದಲೂ ಬಂದ ಜನ ಶಿಬಿರಗಳಲ್ಲಿ ಸರಕಾರದ ಪಡಿತರಕ್ಕೆ ಕೈಯೊಡ್ಡಿ ಕುಳಿತಿದ್ದರು. ಹೊಲವಿದ್ದವನು, ಅಂಗಡಿಯಿದ್ದವನು, ಎಲ್ಲರೂ ಒಂದೇ ಸಾಲಿನಲ್ಲಿ. ಗಿರಿಜಾಬಾಯಿಯವರ ಮಗಳಿಗೆ ಆ ಸಾಲನ್ನು ನೋಡಿ ಸುಮ್ಮನಿರುವುದು ಸಾಧ್ಯವಾಗದಿದ್ದುದು ಸಹಜವೇ. ಸಹಕಾರ ಪದ್ಧತಿಯಲ್ಲಿ ಇವರೇ ತಮ್ಮ ಊರನ್ನು ಕಟ್ಟಿಕೊಳ್ಳಲಿ ಎಂಬ ಯೋಜನೆಯನ್ನು ಗಾಂಧೀಜಿಯ ಮುಂದಿಟ್ಟರು. ಸರಕಾರದ ನೆರವನ್ನು ಆಶ್ರಯಿಸಬಾರದು ಎಂಬ ಕಟ್ಟಳೆಯೊಡನೆ ಗಾಂಧೀಜಿ ಒಪ್ಪಿದರು. 1948ರಲ್ಲಿ ಭಾರತ ಸಹಕಾರಿ ಒಕ್ಕೂಟ ಸ್ಥಾಪನೆಯಾಯಿತು. ಕುತುಬ್ ಮಿನಾರಿನಿಂದ ಆಚೆ, ನವರಾತ್ರಿಯಲ್ಲಿ ನಾವು ದೇವಿಯ ದರ್ಶನಕ್ಕೆ ಹೋಗುವ ಛತರ್‌ಪುರದಲ್ಲಿ ನಿರಾಶ್ರಿತರು ಒಟ್ಟಾಗಿ ಬೇಸಾಯ ಹೂಡಿದರು. ಆಮೇಲೆ ಫರೀದಾಬಾದು. ಇಂದು ಎನ್.ಐ.ಟಿ. ಎಂದು ಕರೆಯುವ ಆ ನಗರದಲ್ಲಿ, ಮನೆ ಕಟ್ಟುವ ಕೆಲಸವನ್ನು ಹೊರಗಿನ ಕಂಟ್ರಾಕ್ಟುದಾರರಿಗೆ ಕೊಡದೆ, ವಾಸಿಸಬೇಕಾದವರ ಸಹಕಾರ ಸಂಘಗಳಿಗೇ ಕೊಡಲಾಯಿತು. ಕೆಲಸ ಗೊತ್ತಿಲ್ಲದವರು ಕೆಲಸ ಕಲಿತು ತಮ್ಮ ಗೋಡೆಯನ್ನು ತಾವೇ ಎಬ್ಬಿಸಿದರು. ಊರು ಬೆಳೆಯಿತು, ಆದರೆ ಆಡಳಿತ ಸರಕಾರದ ಇಲಾಖೆಗಳ ಕೈಗೆ ಹೋದ ಮೇಲೆ ಸಹಕಾರ ಸಂಘಗಳು ಬಾಡಿಹೋದವು. ಅವರ ಬಾಳಿನ ದೊಡ್ಡ ಸೋಲು ಇದೇ. ಚುನಾವಣೆಯ 55 ಮತಗಳ ಸೋಲು ಇದರ ಮುಂದೆ ಏನೂ ಅಲ್ಲ.

ಅವರು ಕೈಕಟ್ಟಿ ಕೂರಲಿಲ್ಲ. ಸರಕಾರದ ವಶದಲ್ಲಿದ್ದ ಕಾಟೇಜ್ ಎಂಪೋರಿಯಂನ ಆಡಳಿತ 1952ರಲ್ಲಿ ಸಹಕಾರಿ ಒಕ್ಕೂಟಕ್ಕೆ ಬಂತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಲಿ ಹುಟ್ಟಿ ಅದರ ಅಧ್ಯಕ್ಷತೆಯೂ ಇವರದಾಯಿತು. ಸುಮಾರು ಇಪ್ಪತ್ತು ವರ್ಷ ಆ ಭಾರ ಹೊತ್ತರು. ರಾಜರ ಆಶ್ರಯ ಹೋಗಿ, ಕಾರ್ಖಾನೆಯ ಅಗ್ಗದ ಸಾಮಾನು ಬಂದು, ನಮ್ಮ ಕುಶಲಕರ್ಮಿಗಳು ಕಂಗೆಟ್ಟಿದ್ದ ಕಾಲ ಅದು. ಅವರಿಗೆ ಕೈಚಳಕದ ಕೊರತೆಯಿರಲಿಲ್ಲ, ಕೊಳ್ಳುವವರ ಕೊರತೆಯಿತ್ತು. ಕೊಳ್ಳುವವರಿಗೋ ಎಂಥ ಸಾಮಾನು ಎಲ್ಲಿ ಆಗುತ್ತದೆಂಬುದೇ ತಿಳಿಯದು. ಈ ಇಬ್ಬರನ್ನು ಕೂಡಿಸುವುದೇ ಕಮಲಾದೇವಿಯವರ ವ್ಯಾಪಾರ. ಹಳ್ಳಿ ಹಳ್ಳಿ ಅಲೆದು ನೇಕಾರನ ಮಗ್ಗದ ಬಳಿಯೇ ಕುಳಿತು ಮಾತನಾಡಿದರು. ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ವಿನ್ಯಾಸ ಕೇಂದ್ರಗಳಾದವು. ನಿಂತುಹೋಗುತ್ತಿದ್ದ ಕಾಳಹಸ್ತಿಯ ಕಲಂಕಾರಿಗೆ ಕಲಿಕೆಯ ಕೇಂದ್ರವಾಯಿತು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಆರಂಭವಾಯಿತು. ದಿಲ್ಲಿಯ ಸಿರಿವಂತರ ದಿವಾನಖಾನೆಯ ಅಲಂಕಾರಕ್ಕೆ ಇಷ್ಟೆಲ್ಲ ಏಕೆ ಎಂದು ಹಂಗಿಸಿದವರೂ ಇದ್ದರು. ಸಿರಿವಂತನ ದುಡ್ಡು ಬಡವನ ಮಗ್ಗಕ್ಕೆ ಹರಿದರೆ ಅದರಲ್ಲಿ ತಪ್ಪೇನೆಂಬುದು ನನಗಂತೂ ಅರ್ಥವಾಗಿಲ್ಲ.

ನಾಟಕ ಅವರ ಇನ್ನೊಂದು ಒಲವು. 1931ರ ಮೃಚ್ಛಕಟಿಕ ಮೂಕಿ ಚಿತ್ರದಲ್ಲಿ, ನಮ್ಮ ಕೈಲಾಸಂ ಅವರೂ ಇದ್ದ ಚಿತ್ರವದು, ಪಾತ್ರ ವಹಿಸಿದ್ದರು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ಹುಟ್ಟಿನ ಹಿಂದೆಯೂ ಅವರ ದುಡಿಮೆಯಿದೆ. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು.

1988ನೆಯ ಇಸವಿ ಅಕ್ಟೋಬರ್ 29ರಂದು, ರಾಜ್ಯೋತ್ಸವಕ್ಕೆ ಮೂರು ದಿನವಿರುವಾಗ, ಮುಂಬಯಿಯಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪ್ರಗತಿ ಮೈದಾನದ ಪಕ್ಕದಲ್ಲಿ, ಭೈರೋಂ ಮಾರ್ಗದಲ್ಲಿ ಕರಕುಶಲ ಸಂಗ್ರಹಾಲಯವಿದೆ. ಅದರ ಮೊದಲ ಸಂಗ್ರಹ ಕೂಡಿದುದು ಅವರ ಮುತುವರ್ಜಿಯಿಂದ. ಈ ಸಲ ಊರಿನಿಂದ ಯಾರಾದರೂ ಬಂದರೆ ಅಲ್ಲಿಗೂ ಕರೆದುಕೊಂಡು ಹೋಗಿ. ಸೋಮವಾರ ರಜ.