ಓದುಗರನ್ನರಿತು ಬರೆದ ಹರ್ಮನ್ ಮೋಗ್ಲಿಂಗ್

ಜುಲೈ 1 ಕನ್ನಡ ಪತ್ರಿಕಾ ದಿನ. 1843ರ ಆ ದಿನ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂದಿತು. ಅದರ ಸಂಪಾದಕರಾದ ರೆವರೆಂಡ್ ಹರ್ಮನ್ ಮೋಗ್ಲಿಂಗ್‌ರವರು 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿ, ಟ್ಯೂಬಿಂಗನ್‌ನಲ್ಲಿ ವ್ಯಾಸಂಗ ಮಾಡಿ, 1836ರಲ್ಲಿ ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರಾಗಿ ಮಂಗಳೂರಿಗೆ ಬಂದವರು.

ಕನ್ನಡದಲ್ಲಿ ಪತ್ರಿಕೆಯನ್ನೇ ಕಂಡಿರದ ಜನರಿಗೆ ಪತ್ರಿಕೆ ಬರೆಯುವುದು ಹೇಗೆ? ಮನೆಯಲ್ಲಿ ತುಳು, ಕೊಂಕಣಿಗಳನ್ನಾಡುವ ಮಂಗಳೂರಿಗರಿಗೆ ಕನ್ನಡವು ಶಾಲೆ-ಕಚೇರಿಗಳ ಭಾಷೆಯಾಗಿತ್ತು. ಆದ್ದರಿಂದ ಅವರು ಕೇವಲ ಮತಬೋಧನೆಯನ್ನು ಅಚ್ಚುಹಾಕದೆ, ಊರ ವರ್ತಮಾನ, ಸರಕಾರದ ನಿರೂಪಗಳು, ಅನ್ಯರಾಜ್ಯಗಳ ಸುದ್ದಿ, ಗಾದೆಗಳು, ದಾಸರ ಪದಗಳು ಇವೆಲ್ಲವನ್ನೂ ನಾಲ್ಕು ಪುಟಗಳಲ್ಲಿ ತುಂಬಿದರು. ಕಲ್ಲಚ್ಚಿನ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಮರುವರ್ಷ ಅದು ಬಳ್ಳಾರಿಗೆ ಸಾಗಿ ‘ಕನ್ನಡ ಸಮಾಚಾರ’ವಾಯಿತು. ಓದುಗವಲಯ ಹಿಗ್ಗಿದಾಗ ಹೆಸರಿನಿಂದ ಊರು ಮರೆಯಾದದ್ದು ಸಹಜವೇ.

ಅವರ ಮುಂದಿನ ಕಾರ್ಯ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆ. ನಿವೃತ್ತ ನ್ಯಾಯಾಧೀಶ ಕಾಸಾಮೇಜರರ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಅಚ್ಚಾದವು. ಇಲ್ಲಿ ಓದುಗರು ಬೇರೆ: ಹಳೆಯ ಕಾವ್ಯಗಳನ್ನು ಅಭ್ಯಸಿಸುವವರು. ಕ್ರೈಸ್ತ ಪಾದ್ರಿಯೊಬ್ಬರು ಹರಿಭಕ್ತರ, ಶಿವಶರಣರ ಕೃತಿಗಳಿಗೆ ಇಷ್ಟು ಶ್ರಮಿಸಿದ್ದು ಸಣ್ಣ ಮಾತಲ್ಲ. ಈ ಜನರ ಮನಸ್ಸನ್ನರಿಯುವುದು ಅವರ ಉದ್ದೇಶಗಳಲ್ಲೊಂದಾಗಿದ್ದಿರಬಹುದು. ಆದರೆ ಲಾಭವಾದದ್ದು ಕನ್ನಡಕ್ಕೆ. ತಾಳೆಗರಿಯಲ್ಲಿದ್ದ ಕಾವ್ಯಗಳು ಮುದ್ರಣ ಕಂಡವು.

1853ರಲ್ಲಿ ಕೊಡಗಿಗೆ ತೆರಳಿದ ಅವರು, ಅಲ್ಲಿನ ಚರಿತ್ರೆ ಹಾಗೂ ಜನಜೀವನವನ್ನು ಕುರಿತ ‘ಕೂರ್ಗ್ ಮೆಮಾಯರ್ಸ್’ (1855) ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿಯೇ ಬರೆದರು. ರಾಜ್ಯವನ್ನು ಬ್ರಿಟಿಷರು ವಶಪಡಿಸಿಕೊಂಡು ಎರಡು ದಶಕಗಳಾಗಿದ್ದವು. ಅದನ್ನು ಓದಬೇಕಾದವರು ಇಂಗ್ಲಿಷ್ ಬಲ್ಲವರು. ಆದರೆ ಕೊಡಗು ರಾಜರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ಕನ್ನಡದಲ್ಲಿಯೇ ಪ್ರಕಟಿಸಿದರು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಮತ್ತೆ ಬರಲಾಗಲಿಲ್ಲ. ಮಂಗಳೂರಿನಲ್ಲಿ ಒಂದು ದುಡ್ಡಿನ ಪತ್ರಿಕೆಗೆ ಒದಗಿದ ದಾಸರ ಪದಗಳು ಈಗ ಅವರ ಲೇಖನಿಯಿಂದ ಜರ್ಮನ್ ಪದ್ಯಗಳಾಗಿ, ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯ ಮೂಲಕ ಯುರೋಪಿನ ವಿದ್ವಾಂಸರನ್ನು ತಲುಪಿದವು. 1881ರಲ್ಲಿ ಎಸ್ಲಿಂಗನ್‌ನಲ್ಲಿ ಅವರು ನಿಧನರಾದರು.